ಎಷ್ಟರಲ್ಲಿ ಎಷ್ಟು?

(ಧನಗೆರೆಯಲ್ಲಿ ದಂಪತಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಪೂರ್ಣ ಪಾಠ)



ಹೊಲಗದ್ದೆಯ ಕೆಲಸವನ್ನೂ ಹುಳುಮನೆಯ ಕೆಲಸವನ್ನೂ ಒಂದು ಗಳಿಗೆ ಬದಿಗಿರಿಸಿ, ಗಂಡಹೆಂಡಿರಿಬ್ಬರೂ ಜೊತೆಯಾಗಿ ಬಂದು ಇಲ್ಲಿ ಕುಳಿತಿದ್ದೀರಿ. ಇದು ನಮಗೆ ಬಹಳ ಸಂತೋಷದ ವಿಷಯ. ಮಗುವಿನ ಆರೋಗ್ಯವೆಂದರೆ ತಾಯಿಯೊಬ್ಬಳ ಹೊಣೆ ಎಂದು ತಿಳಿದವರು ಇನ್ನೂ ಇದ್ದಾರೆ. ಆದರೆ ನಡುರಾತ್ರಿಯಲ್ಲಿ ಕೂಸಿಗೆ ಜ್ವರವೇರಿದಾಗ ಒಬ್ಬರು ಮಗುವನ್ನು ಎತ್ತಿಕೊಳ್ಳಬೇಕಾಗುತ್ತದೆ. ಮತ್ತೊಬ್ಬರು ಕಾಗದಪತ್ರಗಳನ್ನು ಹಿಡಿದು ಡಾಕ್ಟರರ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾಗುತ್ತದೆ. ಆದುದರಿಂದ ಇಂದು ನಾನು ಹೇಳುವ ಮಾತು ನಿಮ್ಮಿಬ್ಬರಿಗೂ ಸೇರಿದ್ದು.

ಇಂದಿನ ವಿಷಯ, ಮಕ್ಕಳಿಗೆ ರಕ್ತನಾಳದ ಮೂಲಕ ಕೊಡುವ ಔಷಧದ ಹದ. ನೀರಿನಲ್ಲಿ ಬೆರೆಸಿದ ಔಷಧವು ಎಷ್ಟು ಗಟ್ಟಿಯಾಗಿದೆ ಅಥವಾ ಎಷ್ಟು ತೆಳುವಾಗಿದೆ ಎಂಬುದನ್ನು ವೈದ್ಯಶಾಸ್ತ್ರದಲ್ಲಿ ಸಾಂದ್ರತೆ ಎನ್ನುತ್ತಾರೆ. ನಾವು ಅದನ್ನು ಹದ ಎಂದೇ ಕರೆಯೋಣ. ಈ ಹದವು ಎಲ್ಲ ಆಸ್ಪತ್ರೆಗಳಲ್ಲಿಯೂ ಒಂದೇ ಆಗಿರಬೇಕು ಎಂಬುದೇ ಇಂದಿನ ಭಾಷಣದ ತಿರುಳು. "ಅದು ಡಾಕ್ಟರರ ಮತ್ತು ದಾದಿಯರ ಕೆಲಸ, ನಮಗೇಕೆ?" ಎಂದು ನಿಮಗೆ ಅನಿಸಬಹುದು. ನಿಮಗೇಕೆ ಎಂಬುದನ್ನು ಹಂತ ಹಂತವಾಗಿ ವಿವರಿಸುತ್ತೇನೆ.

ಅಳತೆಯ ವಿಷಯವು ಈ ಸೀಮೆಯ ಜನರಿಗೆ ಹೊಸದಲ್ಲ. ೧೯೫೬ರ ನವೆಂಬರಿನಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಕೊಳ್ಳೇಗಾಲವು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನೆರೆಯ ಯಳಂದೂರು ಮೈಸೂರು ರಾಜ್ಯದಲ್ಲಿತ್ತು. ಒಂದೇ ಮಾತು, ಒಂದೇ ಬಂಧುಬಳಗ. ನಡುವೆ ಮಾತ್ರ ಗಡಿ. ಆ ಕಾಲದಲ್ಲಿ ಸೇರು, ಮಣ, ಪಡಿ, ಕೊಳಗ ಎಂಬ ಅಳತೆಗಳು ದೇಶದಲ್ಲೆಲ್ಲ ಒಂದೇ ಆಗಿರಲಿಲ್ಲ. ಹೆಸರು ಒಂದೇ ಇದ್ದರೂ ಪ್ರಾಂತದಿಂದ ಪ್ರಾಂತಕ್ಕೆ ಅಳತೆ ಬದಲಾಗುತ್ತಿತ್ತು. ಒಂದು ಸೇರು ಎಂದು ಕೇಳಿದವನಿಗೆ "ಯಾವ ಊರಿನ ಸೇರು?" ಎಂದು ಮತ್ತೆ ಕೇಳಬೇಕಾಗುತ್ತಿತ್ತು. ೧೯೫೬ರಲ್ಲಿ ತೂಕ ಮತ್ತು ಅಳತೆಗಳ ಕಾಯಿದೆ ಬಂದು, ೧೯೫೮ರ ಅಕ್ಟೋಬರಿನಿಂದ ಕಿಲೋ ಮತ್ತು ಲೀಟರುಗಳು ಹಂತಹಂತವಾಗಿ ಬಳಕೆಗೆ ಬಂದ ಮೇಲೆ ಈ ಗೊಂದಲ ತೀರಿತು. ಇಂದು ಕೊಳ್ಳೇಗಾಲದಲ್ಲಿ ಕೊಂಡ ಒಂದು ಕಿಲೋ ರಾಗಿ ಮೈಸೂರಿನಲ್ಲಿಯೂ ಒಂದು ಕಿಲೋ ರಾಗಿಯೇ.

ರಾಗಿಯ ಅಳತೆಯಲ್ಲಿ ವ್ಯತ್ಯಾಸವಾದರೆ ಕೈಯಿಂದ ಒಂದಿಷ್ಟು ಹಣ ಹೋಗುತ್ತದೆ. ಔಷಧದ ಅಳತೆಯಲ್ಲಿ ವ್ಯತ್ಯಾಸವಾದರೆ ಹೋಗುವುದು ಹಣವಲ್ಲ.

ಹದದ ಮಹತ್ವವನ್ನು ರೇಷ್ಮೆ ಸಾಕುವವರಿಗೆ ಹೇಳಿಕೊಡಬೇಕಾಗಿಲ್ಲ. ಹುಳುಮನೆಯನ್ನು ಶುದ್ಧಿಗೊಳಿಸುವಾಗ ನೂರು ಲೀಟರ್ ನೀರಿಗೆ ಎರಡು ಕಿಲೋ ಬ್ಲೀಚಿಂಗ್ ಪುಡಿ, ಮುನ್ನೂರು ಗ್ರಾಂ ಅರಳಿದ ಸುಣ್ಣ ಬೆರೆಸುತ್ತೀರಿ. ಪುಡಿ ಕಡಿಮೆಯಾದರೆ ರೋಗ ಸಾಯುವುದಿಲ್ಲ, ಬೆಳೆ ಕೈಬಿಡುತ್ತದೆ. ಅದಕ್ಕಾಗಿಯೇ "ಸ್ವಲ್ಪ ಪುಡಿ ಹಾಕು" ಎಂದು ಯಾರೂ ಹೇಳುವುದಿಲ್ಲ. ಎಷ್ಟು ನೀರಿನಲ್ಲಿ ಎಷ್ಟು ಪುಡಿ ಎಂದು ಲೆಕ್ಕ ಹಾಕಿಯೇ ಹೇಳುತ್ತಾರೆ. ಹುಳುವಿಗೆ ತೋರಿಸುವ ಈ ಎಚ್ಚರಿಕೆಯನ್ನು ಕೂಸಿಗೆ ತೋರಿಸದೆ ಇರಲು ಸಾಧ್ಯವೇ?

ಮಗು ಎಂದರೆ ಚಿಕ್ಕ ಗಾತ್ರದ ದೊಡ್ಡ ಮನುಷ್ಯನೆಂದು ತಿಳಿಯಬಾರದು. ಅರವತ್ತು ಕಿಲೋ ತೂಕದ ದೊಡ್ಡವರ ದೇಹದಲ್ಲಿ ನಾಲ್ಕು ಲೀಟರಿಗೂ ಹೆಚ್ಚು ರಕ್ತವಿರುತ್ತದೆ. ಮೂರು ಕಿಲೋ ತೂಕದ ನವಜಾತ ಶಿಶುವಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು ೨೪೦ ಮಿಲಿಲೀಟರ್ ಮಾತ್ರ. ಆಸ್ಪತ್ರೆಯಲ್ಲಿ ತೂಗುಹಾಕುವ ಅರ್ಧ ಲೀಟರಿನ ಗ್ಲೂಕೋಸ್ ಬಾಟಲಿಯನ್ನು ನೀವು ನೋಡಿದ್ದೀರಿ. ಆ ಶಿಶುವಿನ ರಕ್ತವೆಲ್ಲ ಸೇರಿದರೂ ಆ ಬಾಟಲಿಯ ಅರ್ಧದಷ್ಟೂ ಆಗುವುದಿಲ್ಲ. ಜೊತೆಗೆ, ಎಳೆಯ ಮಗುವಿನ ಮೂತ್ರಪಿಂಡಗಳು ಮತ್ತು ಪಿತ್ತಜನಕಾಂಗ ಇನ್ನೂ ಬಲಿತಿರುವುದಿಲ್ಲ. ಹೆಚ್ಚಾದುದನ್ನು ಹೊರಹಾಕುವ ಶಕ್ತಿ ಅವುಗಳಿಗೆ ಕಡಿಮೆ. ದೊಡ್ಡವರು ತಾಳಿಕೊಳ್ಳುವ ತಪ್ಪನ್ನು ಮಗು ತಾಳಲಾರದು.

ಬಾಯಿಯಿಂದ ಕೊಟ್ಟ ಔಷಧ ಹೊಟ್ಟೆಗೆ ಹೋಗಿ, ಅಲ್ಲಿಂದ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ರಕ್ತನಾಳಕ್ಕೆ ಕೊಟ್ಟ ಔಷಧವು ಕ್ಷಣಮಾತ್ರದಲ್ಲಿ ಹೃದಯವನ್ನು ಮುಟ್ಟುತ್ತದೆ. ಅದನ್ನು ಮರಳಿ ತೆಗೆಯುವ ಉಪಾಯವಿಲ್ಲ. ಆದುದರಿಂದಲೇ ಇಲ್ಲಿ ಅಳತೆ ತಪ್ಪಬಾರದು.

ಅಳತೆ ಹೇಗೆ ತಪ್ಪುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಜೆಂಟಮೈಸಿನ್ ಎಂಬುದು ನವಜಾತ ಶಿಶುಗಳ ಸೋಂಕಿಗೆ ಕೊಡುವ ಒಂದು ಚುಚ್ಚುಮದ್ದು. ಎರಡು ಮಿಲಿಲೀಟರಿನ ಒಂದು ಸೀಸೆಯಲ್ಲಿ ೮೦ ಮಿಲಿಗ್ರಾಂ ಔಷಧವಿರುತ್ತದೆ. ಅದೇ ಹೆಸರಿನ, ಮಕ್ಕಳಿಗಾಗಿಯೇ ಮಾಡಿದ ಎರಡು ಮಿಲಿಲೀಟರಿನ ಇನ್ನೊಂದು ಸೀಸೆಯಲ್ಲಿ ೨೦ ಮಿಲಿಗ್ರಾಂ ಇರುತ್ತದೆ. ಸೀಸೆಯಲ್ಲಿರುವ ದ್ರವ ಅಷ್ಟೇ, ಹೆಸರು ಅದೇ. ಒಳಗಿರುವ ಔಷಧ ಮಾತ್ರ ನಾಲ್ಕು ಪಟ್ಟು ವ್ಯತ್ಯಾಸ. ಒಂದು ಶಿಶುವಿಗೆ ೧೫ ಮಿಲಿಗ್ರಾಂ ಬೇಕೆಂದು ಭಾವಿಸೋಣ. ಮಕ್ಕಳ ಸೀಸೆಯಿಂದಾದರೆ ಒಂದೂವರೆ ಮಿಲಿಲೀಟರ್ ತೆಗೆಯಬೇಕು. ಕೈತಪ್ಪಿನಿಂದ ದೊಡ್ಡವರ ಸೀಸೆಯಿಂದ ಅದೇ ಒಂದೂವರೆ ಮಿಲಿಲೀಟರ್ ತೆಗೆದರೆ ಮಗುವಿಗೆ ೬೦ ಮಿಲಿಗ್ರಾಂ ಹೋಗುತ್ತದೆ. ಈ ಔಷಧ ಮಿತಿಮೀರಿದರೆ ಕಿವಿಗೂ ಮೂತ್ರಪಿಂಡಕ್ಕೂ ಅಪಾಯ. ಅಳತೆ ತೆಗೆದ ದಾದಿ "ಒಂದೂವರೆ" ಎಂದು ಸರಿಯಾಗಿಯೇ ಅಳೆದಿರುತ್ತಾಳೆ. ತಪ್ಪಿದ್ದು ಅಳತೆಯಲ್ಲ, ಹದ.

ಇದಲ್ಲದೆ ಪುಡಿಯ ರೂಪದಲ್ಲಿ ಬರುವ ಔಷಧಗಳಿವೆ. ಒಂದು ಗ್ರಾಂ ಪುಡಿಯ ಸೀಸೆಗೆ ಒಬ್ಬರು ಹತ್ತು ಮಿಲಿಲೀಟರ್ ನೀರು ಬೆರೆಸುತ್ತಾರೆ, ಮತ್ತೊಬ್ಬರು ಐದು ಬೆರೆಸುತ್ತಾರೆ. ಬೆಳಗಿನ ಪಾಳಿಯವರು ಬೆರೆಸಿಟ್ಟದ್ದನ್ನು ರಾತ್ರಿ ಪಾಳಿಯವರು ಬಳಸುವಾಗ, ಸೀಸೆಯ ಮೇಲೆ ಹದ ಬರೆದಿರದಿದ್ದರೆ ಒಂದಕ್ಕೆರಡು ಆಗಿಬಿಡುತ್ತದೆ. ಬಿಂದುವಿನ ತಪ್ಪು ಇನ್ನೂ ದೊಡ್ಡದು. ೦.೫ ಎಂದು ಬರೆಯುವಲ್ಲಿ ಮುಂದಿನ ಸೊನ್ನೆಯನ್ನು ಬಿಟ್ಟು, ಬಿಂದುವೂ ಮಸುಕಾಗಿದ್ದರೆ ಓದುವವರಿಗೆ ೫ ಎಂದೇ ಕಾಣುತ್ತದೆ. ಆಗ ಹೋಗುವುದು ಹತ್ತು ಪಟ್ಟು.

ನನ್ನ ಸ್ವಂತ ಅನುಭವವೊಂದನ್ನು ಹೇಳಿ ಮುಂದಕ್ಕೆ ಹೋಗುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸತು. ಒಂದು ರಾತ್ರಿ ಬೇರೊಂದು ಊರಿನ ಆಸ್ಪತ್ರೆಯಿಂದ ಆರು ಕಿಲೋ ತೂಕದ ಒಂದು ಕೂಸನ್ನು ನಮ್ಮಲ್ಲಿಗೆ ಕರೆತಂದರು. ಆಸ್ಪತ್ರೆಗಳ ಹೆಸರು ಬೇಡ. ರಕ್ತದ ಒತ್ತಡ ಕುಸಿಯದಂತೆ ಹಿಡಿದಿಡುವ ಒಂದು ಔಷಧ ಆ ಕೂಸಿಗೆ ಸಿರಿಂಜ್ ಪಂಪಿನ ಮೂಲಕ ಹನಿಹನಿಯಾಗಿ ಹೋಗುತ್ತಿತ್ತು. ದಾರಿಯಲ್ಲಿ ಸಿರಿಂಜು ಬರಿದಾಗುತ್ತ ಬಂದಿತ್ತು. ಕಳುಹಿಸಿದವರ ಪತ್ರದಲ್ಲಿ "ಗಂಟೆಗೆ ೪ ಮಿಲಿಲೀಟರ್" ಎಂದಿಷ್ಟೇ ಬರೆದಿತ್ತು. ನಾನು ನಮ್ಮ ವಾರ್ಡಿನಲ್ಲಿ ಬೆರೆಸಿಟ್ಟಿದ್ದ ಔಷಧವನ್ನು ತುಂಬಿ, ಗಂಟೆಗೆ ೪ ಎಂದೇ ಪಂಪಿನಲ್ಲಿ ಇಡಲು ಹೇಳಿದೆ. ಹಿರಿಯ ದಾದಿಯೊಬ್ಬರು ಕೈ ತಡೆದು, "ಡಾಕ್ಟರೇ, ಅವರು ಬೆರೆಸಿದ್ದು ಎಷ್ಟರಲ್ಲಿ ಎಷ್ಟು?" ಎಂದು ಕೇಳಿದರು.

ನನ್ನಲ್ಲಿ ಉತ್ತರವಿರಲಿಲ್ಲ. ಫೋನು ಮಾಡಿ ವಿಚಾರಿಸಿದೆವು. ಅಲ್ಲಿ ಒಂದು ಮಿಲಿಲೀಟರಿನಲ್ಲಿ ಒಂದು ಮಿಲಿಗ್ರಾಂ ಇರುವಂತೆ ಬೆರೆಸಿದ್ದರು. ನಮ್ಮಲ್ಲಿ ಒಂದು ಮಿಲಿಲೀಟರಿನಲ್ಲಿ ನಾಲ್ಕು ಮಿಲಿಗ್ರಾಂ ಇತ್ತು. ನಾನು ಹೇಳಿದಂತೆ ನಡೆದಿದ್ದರೆ ಆ ಕೂಸಿಗೆ ಗಂಟೆಗೆ ನಾಲ್ಕು ಮಿಲಿಗ್ರಾಮಿನ ಬದಲು ಹದಿನಾರು ಮಿಲಿಗ್ರಾಂ ಹೋಗುತ್ತಿತ್ತು. ಅಲ್ಲಿಯವರ ತಪ್ಪೂ ಇರಲಿಲ್ಲ, ನಮ್ಮ ವಾರ್ಡಿನವರ ತಪ್ಪೂ ಇರಲಿಲ್ಲ. ಇಬ್ಬರೂ ತಮ್ಮ ತಮ್ಮ ಪದ್ಧತಿಯಂತೆ ಸರಿಯಾಗಿಯೇ ಬೆರೆಸಿದ್ದರು. ಪದ್ಧತಿಗಳು ಎರಡಿದ್ದವು, ಅಷ್ಟೆ. ಕೇಳದೆ ಮುಂದುವರಿದ ತಪ್ಪು ಮಾತ್ರ ನನ್ನದು. ಆ ದಾದಿಯ ಪ್ರಶ್ನೆಯನ್ನು ನಾನು ಅಂದಿನಿಂದ ಮರೆತಿಲ್ಲ.

ಈಗ ನಮ್ಮ ಸೀಮೆಯನ್ನು ನೆನೆಯಿರಿ. ಧನಗೆರೆಯ ಕೂಸಿಗೆ ಕಾಯಿಲೆ ಬಿಗಡಾಯಿಸಿದರೆ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರ, ಅಲ್ಲಿಂದ ಕೊಳ್ಳೇಗಾಲದ ಸರ್ಕಾರಿ ಆಸ್ಪತ್ರೆ, ಅಗತ್ಯಬಿದ್ದರೆ ಚಾಮರಾಜನಗರ, ಅದಕ್ಕೂ ಮೀರಿದರೆ ಮೈಸೂರಿನ ಚೆಲುವಾಂಬ ಆಸ್ಪತ್ರೆ. ಹನೂರಿನ ಕಾಡಂಚಿನ ಹಾಡಿಗಳಿಂದಲೂ ಮಲೆಮಹದೇಶ್ವರ ಬೆಟ್ಟದ ಕಡೆಯಿಂದಲೂ ಬರುವ ಮಗುವಿನ ದಾರಿ ಇನ್ನೂ ಉದ್ದ. ಒಂದೇ ರಾತ್ರಿಯಲ್ಲಿ ಒಂದು ಮಗು ಎರಡು ಮೂರು ಆಸ್ಪತ್ರೆಗಳ ಕೈ ದಾಟುವುದುಂಟು. ಪ್ರತಿಯೊಂದು ಕೈಯೂ ತನ್ನದೇ ಹದದಲ್ಲಿ ಔಷಧ ಬೆರೆಸಿದರೆ, ಕೈ ಬದಲಾಗುವ ಪ್ರತಿಯೊಂದು ಗಳಿಗೆಯೂ ಅಪಾಯದ ಗಳಿಗೆಯಾಗುತ್ತದೆ. ದೊಡ್ಡ ನಗರದಲ್ಲಿ ಒಂದೇ ಆಸ್ಪತ್ರೆಯಲ್ಲಿ ಚಿಕಿತ್ಸೆ ಮುಗಿಯುವ ಮಗುವಿಗಿಂತ ನಮ್ಮ ಹಳ್ಳಿಯ ಮಗುವಿಗೆ ಒಂದೇ ಹದದ ಅವಶ್ಯಕತೆ ಹೆಚ್ಚು. ಇದು ನಿಮಗೇಕೆ ಎಂಬ ಪ್ರಶ್ನೆಗೆ ಇದೇ ಉತ್ತರ.

ಹೊರದೇಶಗಳಲ್ಲಿಯೂ ಈ ತೊಡಕನ್ನು ಅನುಭವಿಸಿಯೇ ಪಾಠ ಕಲಿತಿದ್ದಾರೆ. ಅಮೆರಿಕದ ಮಕ್ಕಳ ಆಸ್ಪತ್ರೆಗಳಲ್ಲಿ ಬಹುಕಾಲ "ಆರರ ಸೂತ್ರ" ಎಂಬ ಪದ್ಧತಿ ಇತ್ತು. ಮಗುವಿನ ತೂಕವನ್ನು ಆರರಿಂದ ಗುಣಿಸಿ, ಬಂದಷ್ಟು ಮಿಲಿಗ್ರಾಂ ಔಷಧವನ್ನು ನೂರು ಮಿಲಿಲೀಟರಿನಲ್ಲಿ ಬೆರೆಸುವುದು ಅದರ ಕ್ರಮ. ಹೀಗೆ ಬೆರೆಸಿದರೆ ಪಂಪಿನಲ್ಲಿ ಇಡುವ ಲೆಕ್ಕ ಸುಲಭವಾಗುತ್ತಿತ್ತು. ಆದರೆ ಪ್ರತಿ ಮಗುವಿಗೂ ಬೇರೆಯದೇ ಹದ, ಪ್ರತಿ ಸಲವೂ ಹೊಸ ಗುಣಾಕಾರ. ನಿದ್ದೆಗೆಟ್ಟ ರಾತ್ರಿಯಲ್ಲಿ, ಅವಸರದಲ್ಲಿ ಮಾಡುವ ಲೆಕ್ಕದಲ್ಲಿ ತಪ್ಪು ನುಸುಳುವುದು ಸಹಜ. ಆದುದರಿಂದ ಅಲ್ಲಿಯ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಸಂಸ್ಥೆಯು ೨೦೦೪ರಲ್ಲಿ ಔಷಧಗಳ ಹದಗಳನ್ನು ಏಕರೂಪಗೊಳಿಸಿ, ಅವುಗಳ ಸಂಖ್ಯೆಯನ್ನು ಮಿತಗೊಳಿಸಬೇಕೆಂದು ವಿಧಿಸಿತು. ಆರರ ಸೂತ್ರವನ್ನು ೨೦೦೮ರ ಕೊನೆಯೊಳಗೆ ಕೈಬಿಡುವಂತೆ ಸೂಚಿಸಿತು. ಒಂದೊಂದು ಆಸ್ಪತ್ರೆಯೂ ತನ್ನೊಳಗೆ ಏಕರೂಪವಾದರೆ ಸಾಲದು, ಇಡೀ ದೇಶಕ್ಕೆ ಒಂದೇ ಪಟ್ಟಿ ಇರಬೇಕೆಂದು ಅಲ್ಲಿಯ ಆಸ್ಪತ್ರೆ ಔಷಧತಜ್ಞರ ಸಂಘವು ೨೦೧೫ರಿಂದ ಕೆಲಸಕ್ಕೆ ತೊಡಗಿತು. ವಿಶ್ವ ಆರೋಗ್ಯ ಸಂಸ್ಥೆಯು ೨೦೧೭ರಲ್ಲಿ ಔಷಧದಿಂದ ಹಾನಿಯಾಗದಂತೆ ನೋಡಿಕೊಳ್ಳುವ ಜಾಗತಿಕ ಕಾರ್ಯಕ್ರಮವನ್ನು ಆರಂಭಿಸಿತು. ೨೦೨೫ರ ಸೆಪ್ಟೆಂಬರ್ ೧೭ರ ವಿಶ್ವ ರೋಗಿ ಸುರಕ್ಷತಾ ದಿನವನ್ನು ಅದು ನವಜಾತ ಶಿಶುಗಳ ಮತ್ತು ಮಕ್ಕಳ ಸುರಕ್ಷಿತ ಆರೈಕೆಗೇ ಮೀಸಲಿಟ್ಟಿತ್ತು.

ಹದ ಒಂದೇ ಆದಾಗ ಆಗುವ ಅನುಕೂಲ ಬಹಳ. ಮಗುವಿನ ತೂಕಕ್ಕೆ ತಕ್ಕಂತೆ ಗಂಟೆಗೆ ಎಷ್ಟು ಮಿಲಿಲೀಟರ್ ಎಂಬ ಪಟ್ಟಿಯನ್ನು ಮೊದಲೇ ಬರೆದು ಗೋಡೆಗೆ ಹಾಕಬಹುದು. ರಾತ್ರಿಯ ದಾದಿ ಲೆಕ್ಕ ಹಾಕಬೇಕಾಗಿಲ್ಲ, ಪಟ್ಟಿ ನೋಡಿದರೆ ಸಾಕು. ಒಬ್ಬರು ಬೆರೆಸಿದ್ದನ್ನು ಇನ್ನೊಬ್ಬರು ಪರೀಕ್ಷಿಸುವುದು ಸುಲಭವಾಗುತ್ತದೆ. ಕೊಳ್ಳೇಗಾಲದಲ್ಲಿ ಬರೆದದ್ದು ಮೈಸೂರಿನಲ್ಲಿ ಅದೇ ಅರ್ಥದಲ್ಲಿ ಓದಲ್ಪಡುತ್ತದೆ.

ಆದರೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಹದ ಒಂದೇ ಎಂದರೆ ಎಲ್ಲ ಮಕ್ಕಳಿಗೂ ಒಂದೇ ಪ್ರಮಾಣದ ಔಷಧ ಎಂದು ಅರ್ಥವಲ್ಲ. ಪ್ರಮಾಣವು ಮಗುವಿನ ತೂಕವನ್ನು ಅನುಸರಿಸಿಯೇ ಇರುತ್ತದೆ. ಹಾಗೆಯೇ, ಒಂದೂವರೆ ಕಿಲೋ ತೂಕದ ಅವಧಿಪೂರ್ವ ಶಿಶು ಹೆಚ್ಚು ನೀರನ್ನು ತಾಳಲಾರದು. ಅದಕ್ಕೆ ಕೊಂಚ ಗಟ್ಟಿ ಹದ ಬೇಕಾಗಬಹುದು. ಆದುದರಿಂದ ಕೆಲವು ಔಷಧಗಳಿಗೆ ಎರಡು ಹದಗಳು ಇರುವುದುಂಟು. ಎರಡಾದರೂ ಅವು ಗೊತ್ತುಪಡಿಸಿದ ಎರಡೇ ಆಗಿರಬೇಕು. ಪ್ರತಿಯೊಂದು ಸಿರಿಂಜಿನ ಮೇಲೂ ಔಷಧದ ಹೆಸರು, ಎಷ್ಟರಲ್ಲಿ ಎಷ್ಟು, ಬೆರೆಸಿದ ಹೊತ್ತು ಇವು ಬರೆದಿರಬೇಕು.

ಮಾನ್ಯ ದಂಪತಿಗಳೇ, ಪಂಪು, ಪಟ್ಟಿ, ಚೀಟಿ ಇವೆಲ್ಲ ಆಸ್ಪತ್ರೆಯವರ ಕರ್ತವ್ಯ. ಇನ್ನು ನಿಮ್ಮ ಕರ್ತವ್ಯಕ್ಕೆ ಬರುತ್ತೇನೆ. ಅವು ಐದು.

ಮೊದಲನೆಯದು, ಮಗುವಿನ ತೂಕ. ಹದ ಎಷ್ಟೇ ಸರಿಯಾಗಿದ್ದರೂ ತೂಕ ತಪ್ಪಾದರೆ ಪ್ರಮಾಣ ತಪ್ಪುತ್ತದೆ. ಅಂಗನವಾಡಿಯಲ್ಲಿ ಮಗುವನ್ನು ತೂಗಿಸಿ. ಹೆರಿಗೆಯಾದ ಮೇಲೆ ನಲವತ್ತೆರಡು ದಿನಗಳವರೆಗೆ ಆಶಾ ಕಾರ್ಯಕರ್ತೆ ಮನೆಗೆ ಬಂದು ಶಿಶುವನ್ನು ತೂಗುತ್ತಾಳೆ. ದೃಷ್ಟಿಯಾಗುತ್ತದೆಂದು ತೂಗಿಸಲು ಹಿಂಜರಿಯಬೇಡಿ. ತೂಕವನ್ನು ತಾಯಿ ಕಾರ್ಡಿನಲ್ಲಿ ಬರೆಸಿ, ಆಸ್ಪತ್ರೆಗೆ ಹೋಗುವಾಗ ಆ ಕಾರ್ಡನ್ನು ತಪ್ಪದೆ ಒಯ್ಯಿರಿ. ಡಾಕ್ಟರರು ಕೇಳುವ ಮೊದಲೇ ನೀವೇ ಹೇಳಿ. ಅಂದಾಜಿನ ತೂಕ ಹೇಳಬೇಡಿ. ಆಸ್ಪತ್ರೆಯಲ್ಲಿ ಮತ್ತೊಮ್ಮೆ ತೂಗುವಂತೆ ವಿನಯದಿಂದ ಕೇಳಿಕೊಳ್ಳಿ.

ಎರಡನೆಯದು, ಕಾಗದ. ಒಂದು ಆಸ್ಪತ್ರೆಯಿಂದ ಮತ್ತೊಂದಕ್ಕೆ ಕಳುಹಿಸುವಾಗ ಪತ್ರ ಕೊಡುತ್ತಾರೆ. ಅದನ್ನು ಪಡೆಯದೆ ಹೊರಡಬೇಡಿ. ಮಗುವಿಗೆ ಔಷಧ ಏರಿಸುತ್ತಿದ್ದರೆ, "ಏನು ಔಷಧ, ಎಷ್ಟರಲ್ಲಿ ಎಷ್ಟು ಬೆರೆಸಿದೆ, ಕೊನೆಯ ಬಾರಿ ಎಷ್ಟು ಹೊತ್ತಿಗೆ ಕೊಟ್ಟಿರಿ, ಇದನ್ನು ಬರೆದುಕೊಡಿ" ಎಂದು ಕೇಳಿ. ೧೦೮ ವಾಹನದಲ್ಲಿ ಹೋಗುವಾಗ ಆ ಪತ್ರ ನಿಮ್ಮಲ್ಲೊಬ್ಬರ ಕೈಯಲ್ಲಿಯೇ ಇರಲಿ. ಮನೆಯಲ್ಲಿ ಕೊಟ್ಟಿದ್ದ ಔಷಧದ ಸೀಸೆಯನ್ನೂ ಜೊತೆಗೆ ಒಯ್ಯಿರಿ. ಓದಲು ಬಾರದಿದ್ದರೂ ಚಿಂತೆಯಿಲ್ಲ. ಸೀಸೆಯನ್ನು ತೋರಿಸಿದರೆ ಸಾಕು.

ಮೂರನೆಯದು, ಏರಿಸಿದ ಬಾಟಲಿಯನ್ನು ಮುಟ್ಟಬೇಡಿ. ನಳಿಕೆಯ ಮೇಲೆ ಒಂದು ಸಣ್ಣ ಚಕ್ರವಿರುತ್ತದೆ. "ನಿಧಾನವಾಗಿ ಹೋಗುತ್ತಿದೆ, ಬೇಗ ಮುಗಿದರೆ ಮನೆಗೆ ಹೋಗಬಹುದು" ಎಂದು ಕೆಲವರು ಅದನ್ನು ತಿರುಗಿಸುತ್ತಾರೆ. ಇದು ಅತ್ಯಂತ ಅಪಾಯಕರ. ದೊಡ್ಡವರ ನಳಿಕೆಗಳಲ್ಲಿ ಸಾಮಾನ್ಯವಾಗಿ ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್. ಮಕ್ಕಳ ಸಣ್ಣ ಹನಿಯ ನಳಿಕೆಯಲ್ಲಿ ಅರವತ್ತು ಹನಿಗೆ ಒಂದು ಮಿಲಿಲೀಟರ್. ನಿಮಿಷಕ್ಕೆ ಇಪ್ಪತ್ತು ಹನಿ ಎಂದರೆ ಮಕ್ಕಳ ನಳಿಕೆಯಲ್ಲಿ ಗಂಟೆಗೆ ೨೦ ಮಿಲಿಲೀಟರ್ ಹೋಗುತ್ತದೆ. ದೊಡ್ಡವರ ನಳಿಕೆಯಲ್ಲಿ ಅದೇ ಇಪ್ಪತ್ತು ಹನಿಗೆ ಗಂಟೆಗೆ ೬೦ ಮಿಲಿಲೀಟರ್ ಹೋಗುತ್ತದೆ. ಹನಿಯನ್ನು ಎಣಿಸಿದರೂ ಕಣ್ಣಿಗೆ ಇದು ತಿಳಿಯುವುದಿಲ್ಲ. ಹನಿ ನಿಂತರೆ, ಕೈ ಊದಿದರೆ, ಮಗು ಏದುಸಿರು ಬಿಟ್ಟರೆ, ಕೂಡಲೇ ದಾದಿಯನ್ನು ಕರೆಯಿರಿ. ನೀವೇ ಸರಿಪಡಿಸಲು ಹೋಗಬೇಡಿ.

ನಾಲ್ಕನೆಯದು, ಅಗತ್ಯವಿಲ್ಲದ ಬಾಟಲಿಯನ್ನು ಕೇಳಬೇಡಿ. "ಕೂಸು ಸುಸ್ತಾಗಿದೆ, ಒಂದು ಗ್ಲೂಕೋಸ್ ಹಾಕಿಬಿಡಿ" ಎಂದು ಒತ್ತಾಯಿಸುವವರಿದ್ದಾರೆ. ಹಾಕದ ಡಾಕ್ಟರರನ್ನು ಬಿಟ್ಟು, ಹಾಕುವವರ ಬಳಿಗೆ ಹೋಗುವವರೂ ಇದ್ದಾರೆ. ತರಬೇತಿಯಿಲ್ಲದವರ ಕೈಯಲ್ಲಿ ಮಗುವಿನ ರಕ್ತನಾಳವನ್ನು ಎಂದಿಗೂ ಕೊಡಬೇಡಿ. ಬಾಯಿಯಿಂದ ಕುಡಿಯಬಲ್ಲ ಮಗುವಿಗೆ ಭೇದಿಯಾದಾಗ ಬಹುಪಾಲು ಓ.ಆರ್.ಎಸ್. ದ್ರಾವಣವೇ ಸಾಕು. ಮಗು ಕುಡಿಯಲಾರದಂತೆ ಬಸವಳಿದರೆ, ಕಣ್ಣು ಗುಳಿಬಿದ್ದು ಮಂಪರಿನಲ್ಲಿದ್ದರೆ, ಆಗ ರಕ್ತನಾಳದ ಚಿಕಿತ್ಸೆ ಜೀವ ಉಳಿಸುತ್ತದೆ. ಅಂಥ ಹೊತ್ತಿನಲ್ಲಿ ಒಂದು ಗಳಿಗೆಯನ್ನೂ ಕಳೆಯದೆ ಆಸ್ಪತ್ರೆಗೆ ಧಾವಿಸಬೇಕು.

ಓ.ಆರ್.ಎಸ್. ಎಂಬುದು ಹದದ ಮಹಿಮೆಗೆ ನಮ್ಮ ದೇಶವೇ ಜಗತ್ತಿಗೆ ತೋರಿಸಿದ ದೃಷ್ಟಾಂತ. ೧೯೭೧ರಲ್ಲಿ ಬಂಗಾಳದ ಗಡಿಯ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ದ್ರವ ಮುಗಿಯುತ್ತ ಬಂದಿತು. ಆಗ ಡಾಕ್ಟರ್ ದಿಲೀಪ್ ಮಹಲನಬಿಸ್ ಅವರು ಉಪ್ಪು, ಅಡುಗೆ ಸೋಡ ಮತ್ತು ಗ್ಲೂಕೋಸುಗಳನ್ನು ತೂಗಿ ಪೊಟ್ಟಣಗಳಲ್ಲಿ ತುಂಬಿಸಿ, ಗೊತ್ತಾದ ಅಳತೆಯ ನೀರಿನಲ್ಲಿ ಕರಗಿಸಿ ಕುಡಿಸುವ ಏರ್ಪಾಡು ಮಾಡಿದರು. ಶೇಕಡ ಮೂವತ್ತರ ಸುಮಾರಿನಲ್ಲಿದ್ದ ಸಾವು ಶೇಕಡ ನಾಲ್ಕಕ್ಕಿಂತ ಕೆಳಗಿಳಿಯಿತು. ಕುಡಿಸಿದವರಲ್ಲಿ ಅನೇಕರು ಡಾಕ್ಟರರಲ್ಲ, ರೋಗಿಗಳ ಮನೆಯವರು. ಹದವನ್ನು ಮೊದಲೇ ಗೊತ್ತುಪಡಿಸಿದ್ದರಿಂದಲೇ ಅವರಿಂದ ಅದು ಸಾಧ್ಯವಾಯಿತು. ಇಂದಿನ ಓ.ಆರ್.ಎಸ್. ಪೊಟ್ಟಣದಲ್ಲಿ ಒಂದು ಲೀಟರಿಗೆ ಬೇಕಾದ ೨೦.೫ ಗ್ರಾಂ ಪುಡಿ ಇರುತ್ತದೆ. ಅದರ ಹದ ಮೊದಲೇ ಗೊತ್ತುಪಡಿಸಿದ್ದು.

ಆ ಹದವನ್ನು ಕೆಡಿಸದಿರುವುದು ನಿಮ್ಮ ಐದನೆಯ ಕರ್ತವ್ಯ. ಒಂದು ಲೀಟರಿನ ಇಡೀ ಪೊಟ್ಟಣವನ್ನು ಒಂದು ಲೀಟರ್ ಶುದ್ಧ ನೀರಿಗೆ ಒಂದೇ ಸಲ ಬೆರೆಸಬೇಕು. ಲೋಟಕ್ಕೆ ಒಂದು ಚಿಟಿಕೆಯಂತೆ ಹಾಕಿ ಉಳಿಸಿಡಬಾರದು. ಗಟ್ಟಿಯಾದರೆ ಮಗುವಿನ ರಕ್ತದಲ್ಲಿ ಉಪ್ಪು ಏರುತ್ತದೆ, ತೆಳುವಾದರೆ ಪ್ರಯೋಜನವಿಲ್ಲ. ಇನ್ನೂರು ಮಿಲಿಲೀಟರಿನ ಚಿಕ್ಕ ಪೊಟ್ಟಣಗಳೂ ಇವೆ. ಆದುದರಿಂದ ಪೊಟ್ಟಣದ ಮೇಲಿನ ಅಳತೆಯನ್ನು ಓದಿ, ಇಲ್ಲವೆ ಓದಿಸಿ. ಬೆರೆಸಿದ್ದನ್ನು ಇಪ್ಪತ್ತನಾಲ್ಕು ಗಂಟೆಗಳ ಮೇಲೆ ಇಡಬೇಡಿ. ಮೊಲೆಹಾಲನ್ನು ನಿಲ್ಲಿಸಬೇಡಿ. ಆಶಾ ಕಾರ್ಯಕರ್ತೆ ಕೊಡುವ ಸತುವಿನ ಮಾತ್ರೆಯನ್ನು ಭೇದಿ ನಿಂತರೂ ಹದಿನಾಲ್ಕು ದಿನ ಪೂರೈಸಿ. ಅಂಗಡಿಯಲ್ಲಿ ದೊರೆಯುವ ಸಿಹಿ ಪಾನೀಯಗಳು ಓ.ಆರ್.ಎಸ್. ಅಲ್ಲ. ಅಂಥ ಪಾನೀಯಗಳು ಓ.ಆರ್.ಎಸ್. ಎಂಬ ಹೆಸರನ್ನು ಬಳಸಬಾರದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ೨೦೨೫ರ ಅಕ್ಟೋಬರಿನಲ್ಲಿ ಆದೇಶಿಸಿದೆ.

ಜ್ವರದ ಔಷಧಕ್ಕೂ ಇದೇ ನಿಯಮ. ಪ್ಯಾರಾಸಿಟಮಾಲ್ ದ್ರವವು ನಮ್ಮ ಔಷಧಿ ಅಂಗಡಿಗಳಲ್ಲಿ ಹಲವು ಹದಗಳಲ್ಲಿ ಸಿಗುತ್ತದೆ. ಒಂದರಲ್ಲಿ ೫ ಮಿಲಿಲೀಟರಿಗೆ ೧೨೫ ಮಿಲಿಗ್ರಾಂ, ಇನ್ನೊಂದರಲ್ಲಿ ೫ ಮಿಲಿಲೀಟರಿಗೆ ೨೫೦ ಮಿಲಿಗ್ರಾಂ, ಹನಿಯಾಗಿ ಕೊಡುವ ಪುಟ್ಟ ಸೀಸೆಯಲ್ಲಿ ಒಂದೇ ಮಿಲಿಲೀಟರಿಗೆ ೧೦೦ ಮಿಲಿಗ್ರಾಂ. ಪುಟ್ಟ ಸೀಸೆಯದು ತೆಳುವಾದ ಔಷಧವೆಂದು ತಿಳಿಯಬೇಡಿ. ಅದೇ ಎಲ್ಲಕ್ಕಿಂತ ಗಟ್ಟಿ. ಐದು ಕಿಲೋ ತೂಕದ ಕೂಸಿಗೆ ಡಾಕ್ಟರರು ೭೫ ಮಿಲಿಗ್ರಾಂ ಹೇಳಿದ್ದಾರೆಂದು ಭಾವಿಸೋಣ. ಮೊದಲನೆಯ ಸೀಸೆಯಿಂದ ೩ ಮಿಲಿಲೀಟರ್ ಕೊಡಬೇಕು. ಅದೇ ೩ ಮಿಲಿಲೀಟರನ್ನು ಹನಿಯ ಸೀಸೆಯಿಂದ ಕೊಟ್ಟರೆ ೩೦೦ ಮಿಲಿಗ್ರಾಂ, ಅಂದರೆ ನಾಲ್ಕು ಪಟ್ಟು. ಅದನ್ನೇ ಮತ್ತೆ ಮತ್ತೆ ಕೊಟ್ಟರೆ ಪಿತ್ತಜನಕಾಂಗ ಕೆಡುತ್ತದೆ. ಇಂಥ ತಪ್ಪುಗಳನ್ನು ಕಂಡೇ ೨೦೧೧ರಲ್ಲಿ ಅಮೆರಿಕದ ತಯಾರಕರು ಶಿಶುಗಳ ಗಟ್ಟಿ ಹನಿಯನ್ನು ಕೈಬಿಟ್ಟು ಒಂದೇ ಹದಕ್ಕೆ ಬಂದರು. ನಮ್ಮಲ್ಲಿ ಹಲವು ಹದಗಳು ಇರುವವರೆಗೆ ಎಚ್ಚರಿಕೆ ನಿಮ್ಮ ಕೈಯಲ್ಲಿದೆ. ಸೀಸೆಯೊಂದಿಗೆ ಬರುವ ಅಳತೆಯ ಮುಚ್ಚಳದಿಂದಲೇ ಅಥವಾ ಹನಿಗೊಳವೆಯಿಂದಲೇ ಅಳೆಯಿರಿ. ಅಡುಗೆಮನೆಯ ಚಮಚ ಬೇಡ. ಸೀಸೆ ಬದಲಾದಾಗ "ಇದು ಮೊದಲಿನ ಹದವೇ?" ಎಂದು ಔಷಧಿ ಅಂಗಡಿಯವರನ್ನು ಕೇಳಿ. ಅಣ್ಣನಿಗೆ ತಂದದ್ದನ್ನು ತಂಗಿಗೆ ಕೊಡಬೇಡಿ. ಎರಡು ತಿಂಗಳೊಳಗಿನ ಶಿಶುವಿಗೆ ಜ್ವರ ಬಂದರೆ ಮನೆಮದ್ದು ಮಾಡದೆ ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ.

ಕೇಳುವುದರಿಂದ ಡಾಕ್ಟರರಿಗೆ ಅವಮಾನವಾಗುತ್ತದೆಂದು ನೀವು ಹಿಂಜರಿಯಬಾರದು. ನನ್ನನ್ನು ಆ ರಾತ್ರಿ ಹಿರಿಯ ದಾದಿ ಕೇಳದೆ ಇದ್ದಿದ್ದರೆ ಒಂದು ಮನೆಯ ದೀಪ ಆರಿಹೋಗುತ್ತಿತ್ತು. ಕೇಳಿದ್ದಕ್ಕೆ ನಾನು ಸಿಟ್ಟಾಗಲಿಲ್ಲ, ಇಂದಿಗೂ ಕೃತಜ್ಞನಾಗಿದ್ದೇನೆ. ವಿನಯದಿಂದ ಕೇಳಿ, ಆದರೆ ಕೇಳಿ.

ಕುಟುಂಬ ಕಲ್ಯಾಣವೆಂದರೆ ಮಕ್ಕಳ ಸಂಖ್ಯೆಯನ್ನು ಮಿತಗೊಳಿಸುವುದಷ್ಟೇ ಅಲ್ಲ. ಹುಟ್ಟಿದ ಮಗು ಬದುಕಿ ಬಾಳುತ್ತದೆಂಬ ಭರವಸೆ ಇಲ್ಲದಿದ್ದಾಗ ನಮ್ಮ ಹಿರಿಯರು ಹತ್ತು ಹೆತ್ತರು. ಅದರಲ್ಲಿ ನಾಲ್ಕೋ ಐದೋ ಉಳಿಯುತ್ತಿದ್ದವು. ಇಂದು ನೀವು ಒಂದೋ ಎರಡೋ ಸಾಕೆಂದು ನಿರ್ಧರಿಸುತ್ತಿದ್ದೀರಿ. ಆ ನಿರ್ಧಾರ ಮಾಡಿದ ದಂಪತಿಗಳಿಗೆ ಆ ಒಂದೆರಡು ಮಕ್ಕಳನ್ನು ಕ್ಷೇಮವಾಗಿ ಉಳಿಸಿಕೊಡುವುದು ಸರ್ಕಾರದ ಆಸ್ಪತ್ರೆಗಳ ಋಣ. ಕಾಯಿಲೆ ಬಿದ್ದ ಶಿಶುವಿಗೆ ಒಂದು ವರ್ಷದವರೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆಯೂ ಔಷಧವೂ ಉಚಿತ. ಅದನ್ನು ಹಕ್ಕಿನಿಂದ ಪಡೆಯಿರಿ.

ಇಲ್ಲಿಂದ ಮನೆಗೆ ಹೋದ ಮೇಲೆ ಎರಡು ಕೆಲಸ ಮಾಡಿ. ಒಂದು, ತಾಯಿ ಕಾರ್ಡನ್ನು ತೆಗೆದು ಮಗುವಿನ ತೂಕ ಬರೆದಿದೆಯೇ ಎಂದು ನೋಡಿ. ಇಲ್ಲದಿದ್ದರೆ ನಾಳೆಯೇ ಅಂಗನವಾಡಿಯಲ್ಲಿ ತೂಗಿಸಿ. ಎರಡು, ಗೂಡಿನಲ್ಲಿಟ್ಟಿರುವ ಔಷಧದ ಸೀಸೆಗಳನ್ನು ತೆಗೆದು ಗಂಡಹೆಂಡಿರಿಬ್ಬರೂ ಒಟ್ಟಿಗೆ ಓದಿ: ಎಷ್ಟರಲ್ಲಿ ಎಷ್ಟು? ಅವಧಿ ಮೀರಿದ್ದನ್ನೂ ಚೀಟಿ ಹರಿದದ್ದನ್ನೂ ಬಳಸಬೇಡಿ.